ಮೂರು ತಿಂಗಳಾದರೂ ಒಂದು ಪುಲ್-ಅಪ್ ಬರುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ: ನನಗೆ 33 ವರ್ಷ, ತೂಕ 62 ಕೆಜಿ. ಹಾಸನದಲ್ಲಿ ಕೆಲಸ, ದಿನವೆಲ್ಲ ಕುರ್ಚಿ ಮೇಲೆ. ತಮ್ಮ ಅಗ್ನಿವೀರ್ ರ‍್ಯಾಲಿಗೆ ತಯಾರಿ ಮಾಡುತ್ತಿದ್ದಾನೆ. ಅವನಿಗೆಂದು ಅಪ್ಪ ಹಿತ್ತಲಲ್ಲಿ ಒಂದು ಕಂಬಿ ಹಾಕಿಸಿದ್ದಾರೆ. ಅವನು ಅದಕ್ಕೆ ನೇತಾಡಿ, ಗದ್ದ ಕಂಬಿಯ ಮೇಲೆ ಬರುವಂತೆ ಮೈಯನ್ನು ಸಲೀಸಾಗಿ ಹತ್ತು ಸಲ ಎಳೆಯುತ್ತಾನೆ. ನಾನು ನೇತಾಡಿದರೆ ಒಂದಿಂಚೂ ಮೇಲೆ ಹೋಗುವುದಿಲ್ಲ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಪ್ರಯತ್ನ ಮಾಡುತ್ತಿದ್ದೇನೆ. ಈಗ ಎಡ ಮೊಣಕೈ ಒಳಮಗ್ಗುಲಲ್ಲಿ ಸಣ್ಣ ನೋವು ಬೇರೆ. ಜಿಮ್‌ನಲ್ಲಿ ಕೇಳಿದರೆ "ಲೇಡೀಸ್‌ಗೆ ಅದು ಆಗಲ್ಲ ಮೇಡಂ, ಬಿಟ್ಬಿಡಿ" ಅಂದರು. ನನಗೆ ಒಂದೇ ಒಂದು ಬಂದರೆ ಸಾಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ದಿನಾ ಬೆಳಗಿನ ಪ್ರಯತ್ನವನ್ನು ನಿಲ್ಲಿಸಿ. ಇವತ್ತೇ ನಿಲ್ಲಿಸಿ.

ನೀವು ಮೂರು ತಿಂಗಳಿಂದ ಮಾಡುತ್ತಿರುವುದು ಅಭ್ಯಾಸ ಅಲ್ಲ, ಪರೀಕ್ಷೆ. ದಿನಾ ಪರೀಕ್ಷೆ ಬರೆದು ದಿನಾ ಫೇಲಾಗುತ್ತಿದ್ದೀರಿ, ನಡುವೆ ಪಾಠ ಓದಿದ್ದೇ ಇಲ್ಲ. ಸ್ನಾಯು ಗಟ್ಟಿಯಾಗುವುದು ಅದರ ಕೈಲಾಗುವ ಕೆಲಸವನ್ನು ಪೂರ್ತಿ ಮಾಡಿ, ಆಮೇಲೆ ಸುಧಾರಿಸಿಕೊಂಡಾಗ. ಒಂದಿಂಚೂ ಮೇಲೇಳದೆ ಐದು ಸೆಕೆಂಡು ಹಲ್ಲು ಕಚ್ಚಿ ಎಳೆದು ಬಿಟ್ಟರೆ ಬೆನ್ನಿಗೆ ಕೆಲಸವೇ ಸಿಗುವುದಿಲ್ಲ. ಅಷ್ಟೂ ಭಾರ ಬೀಳುವುದು ಬೆರಳು ಮಡಚುವ ಮುಂಗೈ ಸ್ನಾಯುಗಳ ಮೇಲೆ. ಅವು ಬಂದು ಸೇರುವುದು ಎಲ್ಲಿಗೆ? ಮೊಣಕೈ ಒಳಮಗ್ಗುಲಿನ ಆ ಪುಟ್ಟ ಮೂಳೆಗೆ. ನಿಮಗೆ ನೋವಿರುವ ಜಾಗ ಅದೇ ಅಲ್ವಾ? ಸ್ನಾಯುವನ್ನು ಮೂಳೆಗೆ ಕಟ್ಟಿರುವ ನಾರು ಸ್ನಾಯುವಿನಷ್ಟು ಬೇಗ ಗಟ್ಟಿಯಾಗುವುದಿಲ್ಲ. ದಿನಾ ಕೆಣಕಿದರೆ ಮುನಿಸಿಕೊಳ್ಳುತ್ತದೆ. ಎರಡು ವಾರ ಕಂಬಿಯ ಹತ್ತಿರ ಹೋಗಬೇಡಿ. ಆಮೇಲೂ ನೀರಿನ ಬಿಂದಿಗೆ ಎತ್ತುವಾಗ, ಬಟ್ಟೆ ಹಿಂಡುವಾಗ ಅಲ್ಲೇ ಚುಚ್ಚಿದರೆ ಒಬ್ಬ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಇನ್ನು "ಲೇಡೀಸ್‌ಗೆ ಆಗಲ್ಲ" ಅನ್ನುವ ಮಾತು. ಇದರಲ್ಲಿ ಕಾಲು ಭಾಗ ನಿಜ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸರಾಸರಿ ತೆಗೆದುಕೊಂಡರೆ ಹೆಂಗಸರ ಸೊಂಟದಿಂದ ಮೇಲಿನ ಶಕ್ತಿ ಗಂಡಸರ ಅರ್ಧದಿಂದ ಅರವತ್ತು ಪರ್ಸೆಂಟಿನಷ್ಟು. ಕಾಲಿನ ಶಕ್ತಿಯಲ್ಲಿ ಈ ಅಂತರ ಕಡಿಮೆ. ಪುಲ್-ಅಪ್ ಪೂರ್ತಿ ಮೇಲ್ಭಾಗದ ಕೆಲಸ, ಹಾಗಾಗಿ ನಿಮ್ಮ ತಮ್ಮನಿಗಿಂತ ನೀವು ಹಿಂದಿನ ಗೆರೆಯಿಂದ ಓಟ ಶುರು ಮಾಡುತ್ತಿದ್ದೀರಿ. ಅಷ್ಟೇ. ಅಭ್ಯಾಸಕ್ಕೆ ಸ್ನಾಯು ಸ್ಪಂದಿಸುವ ರೀತಿ ಇಬ್ಬರಲ್ಲೂ ಒಂದೇ. ಅಮೆರಿಕದ ಮರೀನ್ ಪಡೆ 2014ರಿಂದ ಹೆಂಗಸರಿಗೆ ಕನಿಷ್ಠ 3 ಪುಲ್-ಅಪ್ ಕಡ್ಡಾಯ ಮಾಡಲು ಹೊರಟಿತ್ತು. ತರಬೇತಿಯಲ್ಲಿದ್ದ ಅರ್ಧಕ್ಕಿಂತ ಜಾಸ್ತಿ ಹುಡುಗಿಯರಿಗೆ ಅದು ಆಗಲಿಲ್ಲ ಎಂದು ಆ ನಿಯಮವನ್ನು ಮುಂದೂಡಿದರು. "ನೋಡಿ, ಆಗಲ್ಲ" ಎನ್ನುವವರು ಈ ಕಥೆಯನ್ನೇ ಹೇಳುತ್ತಾರೆ. ಉಳಿದವರು ಮೂರು ಮಾಡಿದರಲ್ಲ, ಆ ಅರ್ಧವನ್ನು ಯಾರೂ ಹೇಳುವುದಿಲ್ಲ. ಅಷ್ಟು ದೂರ ಯಾಕೆ, ನಮ್ಮ ಗದಗ, ಬಾಗಲಕೋಟೆ ಕಡೆ ಮಲ್ಲಕಂಬ ಆಡುವ ಹುಡುಗಿಯರು ಹಗ್ಗ ಹಿಡಿದು ಏರುವುದನ್ನು ಒಮ್ಮೆ ನೋಡಿ. ನಿಮ್ಮ ಜಿಮ್‌ನವರನ್ನೂ ಕರೆದುಕೊಂಡು ಹೋಗಿ.

ನಿಮ್ಮ ತಮ್ಮನ ಲೆಕ್ಕ ಬೇರೆ. ರ‍್ಯಾಲಿಯಲ್ಲಿ ಹುಡುಗರು 'ಬೀಮ್' ಎನ್ನುವುದು ಇದನ್ನೇ. ಹತ್ತು ಎಳೆದರೆ ಪೂರ್ತಿ 40 ಅಂಕ, ಒಂಬತ್ತಕ್ಕೆ 33, ಆರಕ್ಕೆ ಬರೀ 16. ಅವನಿಗೆ ಸಂಖ್ಯೆ ಮುಖ್ಯ, ನಿಮಗೆ ಮುಖ್ಯ ಅಲ್ಲ. ಅವನ ಅಭ್ಯಾಸವನ್ನು ನಕಲು ಮಾಡಬೇಡಿ.

ಈಗ ಎಳೆಯುವುದು ಯಾವುದು ಅಂತ ನೋಡೋಣ. ಎಲ್ಲರೂ ರೆಟ್ಟೆ ಅಂದುಕೊಳ್ಳುತ್ತಾರೆ. ರೆಟ್ಟೆ ಸಹಾಯಕ ಮಾತ್ರ, ಯಜಮಾನ ಬೆನ್ನು. ಸೊಂಟದಿಂದ ಹೊರಟು ಕಂಕುಳ ಕೆಳಗೆ ಹಾದು ತೋಳಿನ ಮೂಳೆಗೆ ಅಂಟಿಕೊಳ್ಳುವ ಅಗಲವಾದ ಒಂದು ಸ್ನಾಯು ಎರಡೂ ಕಡೆ ಇದೆ. ಜಿಮ್ ಭಾಷೆಯಲ್ಲಿ ಲ್ಯಾಟ್ಸ್. ಮೇಲೆತ್ತಿದ ತೋಳನ್ನು ಪಕ್ಕೆಯ ಕಡೆಗೆ ಇಳಿಸುವುದು ಅದರ ಕೆಲಸ. ಮನೆಯಲ್ಲಿ ಬಾವಿ ಇದ್ದವರಿಗೆ ಇದು ಗೊತ್ತು. ರಾಟೆ ಮೇಲಿನ ಹಗ್ಗವನ್ನು ತಲೆ ಮೇಲಿಂದ ಹಿಡಿದು ಸೊಂಟದವರೆಗೆ ಎಳೆಯುತ್ತೇವಲ್ಲ, ಅದೇ ಚಲನೆ. ಜಿಮ್‌ನವರು ದುಡ್ಡು ತೆಗೆದುಕೊಂಡು ಮಾಡಿಸುವ ಲ್ಯಾಟ್ ಪುಲ್‌ಡೌನ್ ಮಷೀನು ಅಂದರೆ ನೀರಿಲ್ಲದ ಬಾವಿ. ಹಗ್ಗದ ತುದಿಯಲ್ಲಿ ಹತ್ತು ಲೀಟರಿನ ಕೊಡ ಇದ್ದರೆ ಹತ್ತು ಕೆಜಿ ಎಳೆದಿರಿ. ಕಂಬಿಯಲ್ಲಿ 62 ಕೆಜಿ ಎಳೆಯಬೇಕು. ಹತ್ತಕ್ಕೂ 62ಕ್ಕೂ ನಡುವೆ ಮೆಟ್ಟಿಲು ಬೇಕು ತಾನೆ?

ಮೊದಲ ಮೆಟ್ಟಿಲು ಕಂಬಿಯೇ ಇಲ್ಲದ್ದು. ಎರಡು ವಾರದ ವಿಶ್ರಾಂತಿ ಮುಗಿದ ಮೇಲೆ ಇದರಿಂದ ಶುರು ಮಾಡಿ. ಗಟ್ಟಿಯಾದ ಹಳೇ ಬೆಡ್‌ಶೀಟ್ ತೆಗೆದುಕೊಂಡು, ಉದ್ದಕ್ಕೆ ಸುತ್ತಿ, ಮಧ್ಯದಲ್ಲಿ ದೊಡ್ಡ ಗಂಟು ಹಾಕಿ. ಗಂಟು ಬಾಗಿಲ ಆಚೆ ಬದಿ, ಎರಡು ತುದಿ ನಿಮ್ಮ ಕಡೆ ಬರುವಂತೆ ಬಾಗಿಲ ಮೇಲಂಚಿಗೆ ಹಾಕಿ ಬಾಗಿಲು ಮುಚ್ಚಿ, ಚಿಲಕ ಹಾಕಿ. ಒಂದು ಎಚ್ಚರಿಕೆ: ನೀವು ಎಳೆದಾಗ ಬಾಗಿಲು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುವ ಬದಿಯಲ್ಲಿ ನಿಂತಿರಬೇಕು. ಇನ್ನೊಂದು ಬದಿಯಲ್ಲಿ ನಿಂತು ಬಾಗಿಲೇ ಕೈಗೆ ಬಂದು ಅಂಗಾತ ಬಿದ್ದವರನ್ನು ನೋಡಿದ್ದೇನೆ. ಈಗ ಎರಡು ತುದಿ ಹಿಡಿದು, ಪಾದ ಬಾಗಿಲ ಹತ್ತಿರ ಇಟ್ಟು, ಮೈಯನ್ನು ಹಲಗೆ ಹಾಗೆ ನೇರ ಮಾಡಿ ಹಿಂದಕ್ಕೆ ವಾಲಿ. ಎದೆಯನ್ನು ಕೈಗಳ ಕಡೆ ಎಳೆದುಕೊಳ್ಳಿ, ನಿಧಾನವಾಗಿ ವಾಪಸ್ ಹೋಗಿ. ಎಂಟು ಸಲ ಒಂದು ಸೆಟ್, ಎರಡು ನಿಮಿಷ ಬಿಡುವು, ಹೀಗೆ ಮೂರು ಸೆಟ್. ವಾರಕ್ಕೆ ಮೂರು ದಿನ. ಸುಲಭ ಅನಿಸಿದರೆ ಪಾದ ಇನ್ನಷ್ಟು ಮುಂದಿಡಿ, ಮೈ ಇನ್ನಷ್ಟು ಮಲಗುತ್ತದೆ, ಭಾರ ಹೆಚ್ಚುತ್ತದೆ. ಶೀಟಿನಲ್ಲಿ ಅಂಗೈಗಳು ಒಂದಕ್ಕೊಂದು ಎದುರಾಗಿರುತ್ತವೆ. ಮೊಣಕೈಗೆ ಸಾಮಾನ್ಯವಾಗಿ ಹಿತವಾದ ಹಿಡಿತ ಇದೇ. ನಿಮಗೆ ಇದನ್ನು ಮೊದಲು ಹೇಳಿದ್ದಕ್ಕೆ ಕಾರಣವೂ ಅದೇ. ಸೊಂಟದೆತ್ತರದ ಗಟ್ಟಿ ಕಂಬಿ ಪಾರ್ಕಿನಲ್ಲೋ ಶಾಲೆ ಮೈದಾನದಲ್ಲೋ ಸಿಕ್ಕರೆ ಅದರ ಕೆಳಗೆ ಮಲಗಿ ಇದನ್ನೇ ಮಾಡಬಹುದು, ಅದು ಇನ್ನೂ ಒಳ್ಳೆಯದು.

ನೋವು ಹೋದ ಮೇಲೆ ಕಂಬಿಗೆ ಬನ್ನಿ. ಎಳೆಯುವುದಕ್ಕಲ್ಲ, ಸುಮ್ನೆ ನೇತಾಡುವುದಕ್ಕೆ. ಮೊದಲ ವಾರ ಕಾಲು ಸ್ಟೂಲ್ ಮೇಲೆ ಅರೆಬರೆ ತಾಗಿರಲಿ. 20 ಸೆಕೆಂಡು, 30 ಸೆಕೆಂಡು, ಹೀಗೆ ಹೆಚ್ಚಿಸುತ್ತಾ ಪೂರ್ತಿ ಭಾರ ಬಿಟ್ಟು 40 ಸೆಕೆಂಡು ನಿಲ್ಲುವಷ್ಟು ಬಂದರೆ ಹಿಡಿತದ ಚಿಂತೆ ಮುಗಿಯಿತು. ಅಂಗೈಯಲ್ಲಿ ಜಡ್ಡುಗಟ್ಟುತ್ತದೆ, ಗಟ್ಟಲಿ. ಉಬ್ಬಿಕೊಂಡ ಜಡ್ಡನ್ನು ಸ್ನಾನದ ಕಲ್ಲಿನಿಂದ ಉಜ್ಜಿ ಸಮ ಮಾಡಿಕೊಳ್ಳಿ, ಇಲ್ಲದಿದ್ದರೆ ಕಂಬಿಗೆ ಸಿಕ್ಕಿ ಕಿತ್ತು ಬರುತ್ತದೆ.

ನೇತಾಡುತ್ತಲೇ ಇನ್ನೊಂದು ಸಣ್ಣ ಚಲನೆ ಕಲಿಯಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಮೊಣಕೈ ಒಂಚೂರೂ ಮಡಚಬೇಡಿ. ಭುಜಗಳು ಕಿವಿಗೆ ಅಂಟಿಕೊಂಡಿರುತ್ತವಲ್ಲ, ಅವನ್ನು ಕಿವಿಯಿಂದ ದೂರ, ಕೆಳಕ್ಕೆ ಎಳೆಯಿರಿ. ಮೈ ಒಂದೆರಡು ಇಂಚು ಮೇಲೇರುತ್ತದೆ, ಕತ್ತು ಉದ್ದವಾದಂತೆ ಅನಿಸುತ್ತದೆ. ಎರಡು ಸೆಕೆಂಡು ನಿಂತು ಬಿಡಿ. ಆರು ಸಲ. ಪುಲ್-ಅಪ್ ಹೊರಡುವುದು ಇಲ್ಲಿಂದ. "ಒಂದಿಂಚೂ ಮೇಲೆ ಹೋಗುವುದಿಲ್ಲ" ಎಂದಿರಲ್ಲ, ನೀವು ಭುಜ ಕಿವಿಗೆ ಅಂಟಿಸಿಕೊಂಡೇ ಬರೀ ಮೊಣಕೈ ಮಡಚಲು ಹೋಗುತ್ತಿದ್ದೀರಿ ಎಂದು ನನ್ನ ಊಹೆ. ಯಜಮಾನನನ್ನು ಎಬ್ಬಿಸದೆ ಸಹಾಯಕನ ಕೈಲಿ ದುಡಿಸಿದ ಹಾಗೆ.

ಇನ್ನು ಇಡೀ ವಿಷಯದ ತಿರುಳಿಗೆ ಬರುತ್ತೇನೆ. ಏರಲಾಗದವರು ಇಳಿಯಬಲ್ಲರು. ಒಂದು ಸ್ನಾಯು ಎತ್ತಬಲ್ಲ ಭಾರಕ್ಕಿಂತ ಸುಮಾರು 20ರಿಂದ 40 ಪರ್ಸೆಂಟ್ ಹೆಚ್ಚು ಭಾರವನ್ನು ಹಿಡಿದು ನಿಧಾನವಾಗಿ ಇಳಿಸಬಲ್ಲದು. ಭತ್ತದ ಮೂಟೆ ಹೆಗಲಿಗೇರಿಸಲು ಇಬ್ಬರು ಬೇಕು, ಇಳಿಸಲು ಒಬ್ಬನೇ ಸಾಕಲ್ಲ, ಹಾಗೆ. ಈ ಅಂತರವೇ ನಿಮ್ಮ ದಾರಿ.

ಸ್ಟೂಲ್ ಹತ್ತಿ ನಿಂತು ಗದ್ದ ಕಂಬಿಯ ಮೇಲೆ ಬರುವಂತೆ ಹಿಡಿದುಕೊಳ್ಳಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಕಾಲು ಜಾರಿದರೆ ಅದು ಮಗುಚುತ್ತದೆ. ಅಂಗೈ ನಿಮ್ಮ ಮುಖದ ಕಡೆ ಇರಲಿ. ಹೀಗೆ ಹಿಡಿದರೆ ರೆಟ್ಟೆಯ ಸಹಾಯ ಜಾಸ್ತಿ ಸಿಗುತ್ತದೆ. "ಇದು ಚಿನ್-ಅಪ್, ಪುಲ್-ಅಪ್ ಅಲ್ಲ" ಎಂದು ತಮ್ಮ ತಕರಾರು ತೆಗೆಯಬಹುದು. ಅವನು ಹೇಳುವುದು ಸರಿಯೇ. ಆದರೂ ಮೊದಲು ಇದು ಬರಲಿ, ಅಂಗೈ ಆಚೆ ಮಾಡಿದ ಪುಲ್-ಅಪ್ ಅದರ ಬೆನ್ನಿಗೇ ಬರುತ್ತದೆ. ಮೊಣಕೈ ಮತ್ತೆ ಗುರುಗುಟ್ಟಿದರೆ ಮಾತ್ರ ಅಂಗೈಯನ್ನು ಆಚೆ ತಿರುಗಿಸಿ ನೋಡಿ, ಯಾವುದು ಹಿತವೋ ಅದು. ಈಗ ಮಂಡಿ ಮಡಚಿ, ಕಾಲು ಬಿಟ್ಟು, ಮೇಲೆಯೇ ಎರಡು ಸೆಕೆಂಡು ನಿಲ್ಲಿ. ಆಮೇಲೆ ಇಳಿಯಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಾ ಇಳಿಯಿರಿ. ಮೊದಲ ಅರ್ಧ ಸಲೀಸು. ತೋಳು ಅರ್ಧ ಬಿಚ್ಚಿದ ಮೇಲೆ ಧೊಪ್ಪನೆ ಬೀಳುವ ಆಸೆ ಬರುತ್ತದೆ. ಅಲ್ಲಿ ಬೀಳಬೇಡಿ. ಆ ಕೆಳಗಿನ ಅರ್ಧದ ಶಕ್ತಿ ಇಲ್ಲದ್ದಕ್ಕೇ ನಿಮಗೆ ಮೇಲೆ ಹೋಗಲು ಆಗದಿರುವುದು. ಅಲ್ಲಿ ಎಷ್ಟು ಹೊತ್ತು ತಡೆಯುತ್ತೀರೋ ಅಷ್ಟು ಲಾಭ. ತೋಳು ಪೂರ್ತಿ ನೇರವಾದಾಗ ಕಾಲು ಸ್ಟೂಲಿಗೆ ಇಟ್ಟು ಮತ್ತೆ ಹತ್ತಿ. ಏರುವಾಗ ಕಾಲು, ಇಳಿಯುವಾಗ ಕೈ.

ಮೊದಲ ವಾರ ಒಂದು ದಿನಕ್ಕೆ ಮೂರೇ ಇಳಿತ. ಮೂರು ಅಂದರೆ ಮೂರೇ. ಆಮೇಲೆ ಐದು, ಕೊನೆಗೆ ಆರು. ಇಳಿತಗಳ ನಡುವೆ ಒಂದೂವರೆ, ಎರಡು ನಿಮಿಷ ಬಿಡುವು. ವಾರಕ್ಕೆ ಎರಡು ದಿನ ಸಾಕು, ಮೂರನೆಯ ದಿನ ಶೀಟ್ ಎಳೆಯಿರಿ. ಸಂಖ್ಯೆ ಹೆಚ್ಚಿಸುವ ಬದಲು ಸಮಯ ಹೆಚ್ಚಿಸಿ. ಐದು ಸೆಕೆಂಡು ಏಳಾಗಲಿ, ಏಳು ಹತ್ತಾಗಲಿ.

ಇಷ್ಟು ಕಟ್ಟುನಿಟ್ಟು ಯಾಕೆ ಎಂದರೆ ನಾನೇ ಪೆಟ್ಟು ತಿಂದಿದ್ದೇನೆ. ಕಲಿಯುವ ಕಾಲದಲ್ಲಿ, ಇಳಿಯುವುದು ಸುಲಭ ಎಂದು ಗೊತ್ತಾದ ಖುಷಿಗೆ ಮೊದಲ ದಿನವೇ ಮೂವತ್ತು ಸಲ ಇಳಿದೆ. ಮಾರನೆ ದಿನ ಸ್ವಲ್ಪ ನೋವು, ಅದರ ಮಾರನೆ ದಿನ ತಲೆ ಬಾಚಲೂ ಕೈ ಮೇಲೇಳಲಿಲ್ಲ. ನಾಲ್ಕು ದಿನ ಅಮ್ಮ ತುತ್ತು ಮಾಡಿ ಬಾಯಿಗಿಟ್ಟರು, ಜೊತೆಗೆ ಬೈಗುಳ ಉಚಿತ. ಇಳಿಯುವ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುತ್ತದೆ, ನೋವು ಎರಡನೆಯ ದಿನ ಜೋರಾಗುತ್ತದೆ. ನನ್ನದು ನಗುವ ವಿಷಯವಾಯಿತು. ಅತಿಯಾಗಿ ಮಾಡಿದರೆ ನಗುವಂಥದ್ದಲ್ಲ. ತೋಳು ಊದಿಕೊಂಡು, ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹಾಳಾದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹೊರೆಯಾಗಿದೆ ಎಂದರ್ಥ. ಅಪರೂಪ, ಆದರೆ ಹೊಸಬರು ಹುಮ್ಮಸ್ಸಿನಲ್ಲಿ ಇಂಥದ್ದನ್ನು ತಂದುಕೊಳ್ಳುತ್ತಾರೆ.

ರಬ್ಬರ್ ಬ್ಯಾಂಡ್ ಕೊಳ್ಳಲಾ ಎಂದು ಮುಂದೆ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ನನಗೆ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ. ಬ್ಯಾಂಡ್ ಕೆಳಗಿದ್ದಾಗ ಜಾಸ್ತಿ ಹಿಗ್ಗಿರುತ್ತದೆ, ಅಲ್ಲೇ ಜಾಸ್ತಿ ಮೇಲೆ ತಳ್ಳುತ್ತದೆ. ನಿಮಗೆ ಶಕ್ತಿ ಬೇಕಿರುವುದೂ ಅಲ್ಲೇ! ಹಾಗಾಗಿ ಬ್ಯಾಂಡಿನಲ್ಲಿ ಹತ್ತು ಎಳೆಯುವವರು ಅದನ್ನು ಬಿಚ್ಚಿದ ದಿನ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅದರ ಬದಲು ಒಂದು ಕಾಲಿನ ಪಾದವನ್ನು ಮುಂದಿರುವ ಸ್ಟೂಲ್ ಮೇಲಿಟ್ಟು, ಎಲ್ಲಿ ಎಷ್ಟು ಬೇಕೋ ಅಷ್ಟೇ ಒತ್ತು ಕೊಡುತ್ತಾ ಮೇಲೆ ಹೋಗಿ. ಸಹಾಯದ ನಲ್ಲಿ ನಿಮ್ಮ ಕಾಲಲ್ಲೇ ಇರುತ್ತದೆ, ವಾರವಾರ ಸ್ವಲ್ಪ ಸ್ವಲ್ಪ ತಿರುಪುತ್ತಾ ಹೋಗಬಹುದು. ಕಾಲು ಜಾಡಿಸಿ, ಸೊಂಟ ಬಳುಕಿಸಿ ಮೇಲೆ ಹಾರುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಗಟ್ಟಿಯಾಗಿ ನಿಧಾನವಾಗಿ ಎಳೆಯಲು ಬಾರದವರು ಅದಕ್ಕೆ ಕೈ ಹಾಕಿದರೆ ಭುಜಕ್ಕೆ ಕುತ್ತು.

ಅಪ್ಪ ಹಾಕಿಸಿದ ಕಂಬಿಯನ್ನೂ ಒಮ್ಮೆ ನೋಡಿ. ಹುಡುಗರಿಗೆಂದು ಹಾಕುವ ಪೈಪ್ ಎಷ್ಟೋ ಕಡೆ ದಪ್ಪ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 'ಒಂದಿಂಚು' ಎಂದು ಕೊಡುವ ಜಿಐ ಪೈಪಿನ ಹೊರಗಿನ ಅಳತೆ ಸುಮಾರು 33 ಮಿಲಿಮೀಟರ್, 'ಒಂದೂವರೆ ಇಂಚಿ'ನದ್ದು 48. ಸಣ್ಣ ಕೈಗೆ 48 ಅಂದರೆ ಹೆಬ್ಬೆರಳು ಸುತ್ತಿ ಬರುವುದೇ ಕಷ್ಟ, ಹಿಡಿತ ಬೇಗ ಬಿಟ್ಟುಹೋಗುತ್ತದೆ. ಹಾಗಿದ್ದರೆ ನಿಮ್ಮ ಸೋಲಿನಲ್ಲಿ ಪೈಪಿನ ಪಾಲೂ ಇದೆ. ಹಾಸನದ ಮಳೆಗಾಲದಲ್ಲಿ ಕಂಬಿ ಬೆಳಿಗ್ಗೆ ಒದ್ದೆಯಾಗಿರುತ್ತದೆ, ಒಣಬಟ್ಟೆಯಲ್ಲಿ ಒರೆಸಿಯೇ ಹಿಡಿಯಿರಿ. ಎದ್ದ ಕೂಡಲೇ ಬೇಡ, ಐದು ನಿಮಿಷ ಕೈ ಬೀಸಿ, ಭುಜ ತಿರುಗಿಸಿ, ಮೈ ಬಿಸಿಯಾಗಲಿ. ಸಂಜೆ ಮಾಡಿದರೆ ಇನ್ನೂ ಸಲೀಸು.

ತೂಕದ ಬಗ್ಗೆ ಹೇಳದೆ ಇರಲಾಗದು. ನೀವು ಎಳೆಯುವುದು ನಿಮ್ಮನ್ನೇ, ಹಾಗಾಗಿ ಎರಡು ಕೆಜಿಯೂ ಗೊತ್ತಾಗುತ್ತದೆ. ಆದರೆ ಉಪವಾಸ ಮಾಡಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಎಳೆಯುವವರೇ ಇಲ್ಲವಾಗುತ್ತಾರೆ. ನಿಮ್ಮ ತೂಕಕ್ಕೆ ದಿನಕ್ಕೆ 75ರಿಂದ 100 ಗ್ರಾಂ ಪ್ರೋಟೀನ್ ಸಿಕ್ಕರೆ ಚೆನ್ನ. ನಮ್ಮ ಕಡೆ ಊಟದಲ್ಲಿ ಮುದ್ದೆ, ಅನ್ನ ಜಾಸ್ತಿ, ಕಾಳು ಕಡಿಮೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8, ಒಂದು ಹಿಡಿ ಕಡಲೆಕಾಯಿಯಲ್ಲಿ 7. ಸೋಯಾ ಚಂಕ್ಸ್ ಒಣಗಿದ್ದು 50 ಗ್ರಾಂ ನೆನೆಸಿ ಪಲ್ಯ ಮಾಡಿದರೆ 25 ಗ್ರಾಂ ದಾಟುತ್ತದೆ, ಅಗ್ಗವೂ ಹೌದು. ಬಸ್ಸಾರಿನ ಕಾಳನ್ನು ತಟ್ಟೆಗೆ ಇನ್ನೆರಡು ಸೌಟು ಹಾಕಿಸಿಕೊಳ್ಳಿ. ಪುಡಿ ಡಬ್ಬ ಕೊಳ್ಳಲೇಬೇಕು ಎಂದೇನೂ ಇಲ್ಲ.

ಎಷ್ಟು ದಿನ ಹಿಡಿಯುತ್ತದೆ? ನಾನು ಕಲಿಸಿದವರಲ್ಲಿ ಹೆಚ್ಚಿನ ಹೆಂಗಸರಿಗೆ ನಾಲ್ಕರಿಂದ ಎಂಟು ತಿಂಗಳು ಹಿಡಿದಿದೆ. ಕೆಲವರಿಗೆ ವರ್ಷ. ಮೊದಲ ಕೆಲವು ವಾರ ಬೇಗ ಬೇಗ ಸುಧಾರಿಸಿದಂತೆ ಕಾಣುತ್ತದೆ. ಆಗ ಸ್ನಾಯು ದೊಡ್ಡದಾಗಿರುವುದಿಲ್ಲ, ಇರುವ ಸ್ನಾಯುವನ್ನು ಕರೆಯುವುದನ್ನು ಮೆದುಳು ಮತ್ತು ನರಗಳು ಕಲಿತಿರುತ್ತವೆ. ಆಮೇಲೆ ಒಂದೆರಡು ತಿಂಗಳು ಏನೂ ಆಗುತ್ತಿಲ್ಲ ಅನಿಸುತ್ತದೆ. ಬಹಳ ಜನ ಬಿಡುವುದು ಅಲ್ಲೇ. ಅದಕ್ಕೇ ಒಂದು ಹಳೇ ಡೈರಿಯಲ್ಲಿ ಸೆಕೆಂಡುಗಳನ್ನು ಬರೆದಿಡಿ. ಆರು ಇದ್ದದ್ದು ಏಳೂವರೆ ಆಗಿದ್ದು ಕಣ್ಣಿಗೆ ಕಾಣುವುದಿಲ್ಲ, ಡೈರಿಯಲ್ಲಿ ಕಾಣುತ್ತದೆ. ತಿಂಗಳ ಆ ದಿನಗಳಲ್ಲಿ ಸುಸ್ತೆನಿಸಿದರೆ ಇಳಿತ ಬಿಟ್ಟು ಬರೀ ನೇತಾಡಿ, ಲೆಕ್ಕ ತಪ್ಪುವುದಿಲ್ಲ.

ಮೇಲಿನಿಂದ ಹತ್ತು ಸೆಕೆಂಡಿನ ಇಳಿತ, ಬಿಡುವು ಕೊಟ್ಟು ಐದು ಸಲ, ಕೊನೆಯದೂ ಅಷ್ಟೇ ನಿಧಾನ; ಕಂಬಿಯ ಮೇಲೆ ಗದ್ದ ಇಟ್ಟು 15 ಸೆಕೆಂಡು ನಿಲ್ಲುವುದು. ಇವೆರಡೂ ಬಂದ ವಾರ ಪರೀಕ್ಷೆಗೆ ಕೂರಿ. ಅದಕ್ಕೆ ಮೊದಲು ಎರಡು ದಿನ ಪೂರ್ತಿ ವಿಶ್ರಾಂತಿ. ಮೈ ಬಿಸಿ ಮಾಡಿ, ನೇತಾಡಿ, ಭುಜ ಕೆಳಕ್ಕೆ, ಆಮೇಲೆ ಮೊಣಕೈಗಳನ್ನು ಪ್ಯಾಂಟಿನ ಹಿಂಜೇಬಿಗೆ ತುರುಕುವಂತೆ ಎಳೆಯಿರಿ. ಗದ್ದ ಚಾಚಬೇಡಿ, ಎದೆ ಕಂಬಿಯ ಕಡೆ ಬರಲಿ. ತಮ್ಮನ ಕೈಗೆ ಮೊಬೈಲ್ ಕೊಟ್ಟು ಪಕ್ಕದಿಂದ ವಿಡಿಯೊ ಮಾಡಿಸಿ. ಕೆಳಗೇ ನಿಂತರೆ ಇನ್ನೂ ಮೂರು ವಾರ ಇಳಿತದ ಕೊನೆಯರ್ಧಕ್ಕೆ ಜಾಸ್ತಿ ಸಮಯ ಕೊಡಿ. ಕೊನೆಯ ಎರಡು ಇಂಚು ಬಾಕಿ ಉಳಿದರೆ ಮೇಲೆ ನಿಲ್ಲುವ ಅಭ್ಯಾಸ ಹೆಚ್ಚಿಸಿ. ವಾರಕ್ಕೊಂದೇ ಪ್ರಯತ್ನ, ಮತ್ತೆ ದಿನಾ ಪರೀಕ್ಷೆಗೆ ಹೋಗಬೇಡಿ.

ಮೊದಲನೆಯದು ಬಂದ ದಿನ ಮನೆಯವರೆಲ್ಲ "ಇನ್ನೊಂದು, ಇನ್ನೊಂದು" ಎನ್ನುತ್ತಾರೆ. ಕೈ ಬಿಟ್ಟು ಧೊಪ್ಪನೆ ಹಾರಬೇಡಿ. ಹತ್ತು ಎಣಿಸುತ್ತಾ ಇಳಿಯಿರಿ, ಆವತ್ತಿಗೆ ಅಷ್ಟೇ. ಎರಡನೆಯದು ಮುಂದಿನ ವಾರ.